ಮೋಟರಿನ ನೆರವು ನಿಂತ ಮೇಲೆ ಪೆಡಲ್ ಏಕೆ ಭಾರ? ಇ-ಬೈಕ್ ಆರಿಸುವವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಇ-ಬೈಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬ್ಯಾಟರಿ ಎಷ್ಟು ದೂರಕ್ಕೆ ಬರುತ್ತದೆ, ಮೋಟರಿಗೆ ಏರು ಹತ್ತುವ ಕಸುವು ಎಷ್ಟಿದೆ ಎಂದು ವಿಚಾರಿಸುತ್ತಾರೆ. ಆದರೆ ಸಾದಾ ಸೈಕಲ್ಲನ್ನು ಚುರುಕಾಗಿ ತುಳಿದು ರೂಢಿಯಿರುವವರನ್ನು ಕಾಡುವ ಪ್ರಶ್ನೆ ಬೇರೆ. ಮೋಟರಿನ ನೆರವು ಗಂಟೆಗೆ 25 ಕಿ.ಮೀ. ವೇಗಕ್ಕೆ ನಿಂತುಹೋಗುವುದಾದರೆ, ಅದರಾಚೆ ತುಳಿಯುವಾಗ ಕಾಲಿನ ಮೇಲೆ ಬೀಳುವ ಹೊರೆ ಬೈಕಿನದು ಮಾತ್ರವೋ, ಇಲ್ಲವೇ ನಿಂತ ಮೋಟರನ್ನೂ ಸವಾರನೇ ತಿರುಗಿಸಿಕೊಂಡು ಹೋಗಬೇಕೋ? ಚಕ್ರದ ನಡುವೆ ಕೂರುವ ಹಬ್ ಮೋಟರ್ ಒಳ್ಳೆಯದೋ, ಪೆಡಲಿನ ಬಳಿ ಕೂರುವ ಮಿಡ್ ಡ್ರೈವ್ ಒಳ್ಳೆಯದೋ, ಹಗುರವಾದ ಹೊಸ ಮಾದರಿಗಳಿಗೆ ಹೆಚ್ಚು ಹಣ ಕೊಡುವುದು ಸಾರ್ಥಕವೋ ಎಂಬ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೋಟರಿನ ಬಗೆ ಮುಖ್ಯವೇ. ಒಂದು ಬಗೆಯ ಮೋಟರಿನ ವಿಷಯದಲ್ಲಂತೂ ಬಹಳ ಮುಖ್ಯ. ಆದರೆ ಮಿತಿ ದಾಟಿದೊಡನೆ ಅನುಭವಕ್ಕೆ ಬರುವ ಭಾರದಲ್ಲಿ ದೊಡ್ಡ ಪಾಲು ಮೋಟರಿನ ಎಳೆತದ್ದಲ್ಲ, ಅಂದರೆ ನಿಂತ ಮೋಟರ್ ಒಡ್ಡುವ ತಡೆಯದ್ದಲ್ಲ. ಗಾಳಿಯ ತಡೆ, ಟೈರಿನ ತಡೆ, ಜೊತೆಗೆ ಅಲ್ಲಿಯವರೆಗೆ ಸಿಗುತ್ತಿದ್ದ ನೆರವು ತಟ್ಟನೆ ಇಲ್ಲವಾದದ್ದು, ಇವುಗಳೇ ಅದರ ಮುಖ್ಯ ಕಾರಣ. ಈ ವ್ಯತ್ಯಾಸವನ್ನು ಗಮನಿಸದೆ ಮೋಟರನ್ನು ಮಾತ್ರ ನೋಡಿ ಆರಿಸಿದವರು, ಹೆಚ್ಚು ಹಣ ತೆತ್ತ ಮೇಲೂ ಅದೇ ಭಾರವನ್ನು ತುಳಿಯುತ್ತಿರುತ್ತಾರೆ.

ಮಿತಿ ಎಲ್ಲಿದೆ, ಹೇಗೆ ಬರುತ್ತದೆ

ಐರೋಪ್ಯ ಒಕ್ಕೂಟ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ಭಾರತದಲ್ಲಿ ನೋಂದಣಿ ಬೇಡದ ಇ-ಬೈಕಿಗೆ 25 ಕಿ.ಮೀ. ವೇಗ ಹಾಗೂ 250 ವ್ಯಾಟ್ ಶಕ್ತಿ ಎಂಬುದು ಪರಿಚಿತ ಗಡಿ. ಅಮೆರಿಕದ ಹಲವು ರಾಜ್ಯಗಳು ಬಳಸುವ ವರ್ಗೀಕರಣದಲ್ಲಿ ಮೊದಲ ಎರಡು ವರ್ಗಗಳಿಗೆ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ., ಮೂರನೆಯ ವರ್ಗಕ್ಕೆ 28 ಮೈಲಿ, ಅಂದರೆ ಸುಮಾರು 45 ಕಿ.ಮೀ. ಮಿತಿಯಿದೆ. ಜಪಾನಿನ ನಿಯಮ ಇವೆಲ್ಲಕ್ಕಿಂತ ಭಿನ್ನವಾಗಿದೆ. ಅಲ್ಲಿ 10 ಕಿ.ಮೀ. ವೇಗದವರೆಗೆ ಸವಾರನ ಶಕ್ತಿಯ ಎರಡು ಪಟ್ಟಿನಷ್ಟು ನೆರವಿಗೆ ಅವಕಾಶವಿದ್ದು, ಅಲ್ಲಿಂದ ಮೇಲೆ ಅದು ಹಂತಹಂತವಾಗಿ ಇಳಿಯುತ್ತ 24 ಕಿ.ಮೀ. ತಲುಪುವಷ್ಟರಲ್ಲಿ ಸೊನ್ನೆಯಾಗಬೇಕು. ಹೀಗಾಗಿ ಅಲ್ಲಿನ ಬೈಕಿನಲ್ಲಿ ಮಿತಿಯ ಹೊತ್ತಿಗೆ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ; ಸವಾರನಿಗೆ ಆ ಗಡಿ ಬಂದುಹೋದದ್ದೇ ತಿಳಿಯದೆ ಇರಬಹುದು.

ಯುರೋಪಿನ ಇ-ಎನ್ 15194 ಮಾನದಂಡ ಕೂಡ ವೇಗ ಏರಿದಂತೆ ನೆರವು ಕ್ರಮೇಣ ತಗ್ಗಬೇಕೆಂದೇ ಹೇಳುತ್ತದೆ. ಆದರೆ ಎಷ್ಟು ಕ್ರಮೇಣ ಎಂಬುದರಲ್ಲಿ ಬೈಕಿನಿಂದ ಬೈಕಿಗೆ ಬಹಳ ಅಂತರವಿದೆ. ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನು ಮಾತ್ರ ನೋಡುವ ಅಗ್ಗದ ಸೆನ್ಸರ್ ಇರುವ ಬೈಕುಗಳಲ್ಲಿ ನೆರವು ಒಮ್ಮೆಲೇ ಕಡಿದುಹೋಗುವುದುಂಟು. ವೇಗ ತುಸು ಇಳಿದೊಡನೆ ಮತ್ತೆ ಹಿಂದಿನಿಂದ ತಳ್ಳಿದಂತೆ ಶುರುವಾಗುತ್ತದೆ. ತುಳಿತದ ಬಲವನ್ನು ಅಳೆಯುವ ಟಾರ್ಕ್ ಸೆನ್ಸರ್ ಇದ್ದು, ವೇಗವನ್ನೂ ನುಣುಪಾಗಿ ಅಳೆಯುವ ಬೈಕುಗಳಲ್ಲಿ ಇದೇ ಬದಲಾವಣೆ ಒಂದೆರಡು ಕಿ.ಮೀ. ಅಂತರದಲ್ಲಿ ಹರಡಿಕೊಳ್ಳುತ್ತದೆ. ಮಿತಿಯ ಬಳಿ ಗೋಡೆಗೆ ಡಿಕ್ಕಿ ಹೊಡೆದಂತಾಗುತ್ತದೆ ಎಂದು ಸವಾರರು ದೂರುವುದರ ಹಿಂದೆ ಹೆಚ್ಚಾಗಿ ಇರುವುದು ಈ ಒರಟುತನ.

ಭಾರ ಎಲ್ಲಿಂದ ಬರುತ್ತದೆ

ಒಂದು ಲೆಕ್ಕ ಹಾಕಿ ನೋಡೋಣ. 75 ಕಿಲೋ ತೂಗುವ ಸವಾರ, 25 ಕಿಲೋ ತೂಗುವ ಬೈಕ್, ಬೆನ್ನು ನೇರವಾಗಿಟ್ಟು ಕೂರುವ ಭಂಗಿ, ಸಾಧಾರಣ ಅಗಲದ ಟೈರ್, ಗಾಳಿಯಿಲ್ಲದ ಸಮತಟ್ಟು ರಸ್ತೆ ಎಂದಿಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗಲು ಸುಮಾರು 105 ವ್ಯಾಟ್ ಬೇಕು. 25 ಕಿ.ಮೀ. ವೇಗಕ್ಕೆ ಅದು ಸುಮಾರು 175 ವ್ಯಾಟಿಗೆ ಏರುತ್ತದೆ. ಇದರಲ್ಲಿ 120 ವ್ಯಾಟ್ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ, ಉಳಿದದ್ದು ಟೈರಿನ ತಡೆಗೆ. 30 ಕಿ.ಮೀ. ವೇಗಕ್ಕಂತೂ ಸುಮಾರು 275 ವ್ಯಾಟ್ ಬೇಕು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಕೊನೆಯ 5 ಕಿ.ಮೀ. ಹೆಚ್ಚಿಸಿಕೊಳ್ಳಲು ಮೊದಲ ಇಪ್ಪತ್ತಕ್ಕೆ ಬೇಕಾದಷ್ಟೇ ಶಕ್ತಿಯನ್ನು ಹೆಚ್ಚುವರಿಯಾಗಿ ಸುರಿಯಬೇಕಾಗುತ್ತದೆ.

ಈಗ ಮೋಟರನ್ನು ಇದರೊಳಗೆ ತನ್ನಿ. ಮಿತಿಯ ತುಸು ಕೆಳಗೆ, 24 ಕಿ.ಮೀ. ಆಸುಪಾಸಿನಲ್ಲಿ, ಬೇಕಾದ ಶಕ್ತಿಯನ್ನು ಸವಾರ ಮತ್ತು ಮೋಟರ್ ಸರಿಸಮವಾಗಿ ಹಂಚಿಕೊಂಡಿದ್ದಾರೆ ಎನ್ನೋಣ. ಆಗ ಸವಾರನ ಪಾಲು ಸುಮಾರು 80 ವ್ಯಾಟ್. 26 ಕಿ.ಮೀ. ವೇಗದಲ್ಲಿ ಮೋಟರ್ ಹಿಂದೆ ಸರಿದಿರುತ್ತದೆ, ಬೇಕಾದದ್ದು 190 ವ್ಯಾಟ್, ಅಷ್ಟೂ ಸವಾರನದೇ. ಕೇವಲ ಎರಡು ಕಿ.ಮೀ. ಅಂತರದಲ್ಲಿ ಕಾಲಿನ ಕೆಲಸ ಎರಡು ಪಟ್ಟಿಗಿಂತ ಹೆಚ್ಚಾಯಿತು. ಮೋಟರಿನಲ್ಲಿ ಒಂದು ವ್ಯಾಟಿನಷ್ಟೂ ಎಳೆತವಿಲ್ಲದಿದ್ದರೂ ಇದು ಹೀಗೆಯೇ. ಯಾರಾದರೂ ಮೋಟರ್ ಬ್ರೇಕ್ ಹಿಡಿದಂತೆ ಮಾಡುತ್ತದೆ ಎಂದರೆ, ಅವರ ಅನುಭವ ಸುಳ್ಳಲ್ಲ, ಆದರೆ ಕಾರಣ ಮಾತ್ರ ಬಹುಪಾಲು ಬೇರೆ.

ಇನ್ನೊಂದು ಮಾತನ್ನೂ ಈ ಅಂಕಿಗಳು ಹೇಳುತ್ತವೆ. ನೆಮ್ಮದಿಯಾಗಿ 100 ವ್ಯಾಟಿನಷ್ಟು ತುಳಿಯುವ ಸವಾರ ಸಮತಟ್ಟಿನಲ್ಲಿ ಮಿತಿಯನ್ನು ದಾಟುವುದೇ ಇಲ್ಲ, ಮೋಟರಿನ ಜೊತೆಗೂಡಿ ಮಿತಿಯಲ್ಲೇ ನಿಂತುಬಿಡುತ್ತಾನೆ. ಅವನು ಮಿತಿ ದಾಟುವುದು ಇಳಿಜಾರಿನಲ್ಲಿ ಅಥವಾ ಹಿಂಗಾಳಿ ಸಿಕ್ಕಾಗ ಮಾತ್ರ. ನೂರಕ್ಕೆ ಎರಡರಷ್ಟು ಇಳಿಯುವ ರಸ್ತೆಯಲ್ಲಿ 28 ಕಿ.ಮೀ. ವೇಗಕ್ಕೆ ಭೂಮಿಯ ಸೆಳೆತವೇ 150 ವ್ಯಾಟಿನಷ್ಟು ಒದಗಿಸಿಕೊಡುವುದರಿಂದ ಅಲ್ಲಿ ಉಳಿಯುವ 80 ವ್ಯಾಟ್ ಯಾರಿಗೂ ಹೊರೆಯಲ್ಲ. ಸಮತಟ್ಟಿನಲ್ಲೇ 28, 30 ಕಿ.ಮೀ. ಕಾಯ್ದುಕೊಳ್ಳುವಷ್ಟು ಕಸುವಿರುವವರಿಗೆ ಮಾತ್ರ ಮಿತಿಯಾಚೆಗಿನ ಎಳೆತ ದಿನನಿತ್ಯದ ಸಂಗತಿಯಾಗುತ್ತದೆ.

ಆಯ್ಕೆಗೆ ಮುನ್ನ ಅಳೆಯಬೇಕಾದವು

ಹಾಗಾಗಿ ಯಾವುದೇ ಬೈಕನ್ನು ತೂಗುವ ಮೊದಲ ಮಾನದಂಡ ನಿಮ್ಮದೇ ಓಡಾಟ: ಮಿತಿಯ ಮೇಲೆ ಎಷ್ಟು ಹೊತ್ತು ಇರುತ್ತೀರಿ, ಅದೂ ಕಾಲಿನ ಬಲದಿಂದಲೋ ಇಳಿಜಾರಿನ ಕೃಪೆಯಿಂದಲೋ. ಎರಡನೆಯದು, ನೆರವು ನಿಂತಾಗ ಮೋಟರ್ ಎಷ್ಟು ವ್ಯಾಟನ್ನು ನುಂಗುತ್ತದೆ ಎಂಬುದು. ಮೂರನೆಯದು ನೆರವು ಇಳಿಯುವ ನಯ. ನಾಲ್ಕನೆಯದು ಟೈರ್, ಕೂರುವ ಭಂಗಿ ಮತ್ತು ಗೇರ್. ಜನ ಇದನ್ನು ಕಡೆಗಣಿಸುತ್ತಾರೆ, ನಾನು ಇದಕ್ಕೆ ಮೋಟರಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಇವುಗಳ ನಂತರ ತೂಕ, ಬೆಲೆ, ರಿಪೇರಿಯ ಸೌಲಭ್ಯ ಬರುತ್ತವೆ.

ನಾಲ್ಕನೆಯದಕ್ಕೆ ಅಷ್ಟು ಬೆಲೆ ಏಕೆಂದರೆ, ಒಟ್ಟು 100 ಕಿಲೋ ಭಾರವಿರುವಾಗ ಟೈರಿನ ಉರುಳು ತಡೆಯ ಗುಣಾಂಕ 0.010 ಇದ್ದದ್ದು 0.005ಕ್ಕೆ ಇಳಿದರೆ 25 ಕಿ.ಮೀ. ವೇಗದಲ್ಲಿ ಸುಮಾರು 35 ವ್ಯಾಟ್ ಉಳಿಯುತ್ತದೆ. ಗುಬುಟು ಗುಬುಟಾದ ಕಾಡುದಾರಿಯ ಟೈರ್, ಅದರಲ್ಲೂ ಗಾಳಿ ಕಡಿಮೆಯಿದ್ದರೆ, ಮೊದಲ ಅಂಕಿಯ ಕಡೆಗಿರುತ್ತದೆ. ನಯವಾದ ಒಳ್ಳೆಯ ರಸ್ತೆ ಟೈರ್ ಎರಡನೆಯದರ ಕಡೆಗೆ. ಬೆನ್ನು ನೇರವಾಗಿಟ್ಟು ಕೂರುವ ಬದಲು ತುಸು ಮುಂದಕ್ಕೆ ಬಾಗಿ ಗಾಳಿಗೆ ಒಡ್ಡುವ ಮೈಯನ್ನು ಕಾಲು ಭಾಗದಷ್ಟು ತಗ್ಗಿಸಿದರೆ 25 ಕಿ.ಮೀ. ವೇಗದಲ್ಲಿ 30 ವ್ಯಾಟ್, 30 ಕಿ.ಮೀ. ವೇಗದಲ್ಲಿ 50 ವ್ಯಾಟಿನಷ್ಟು ಉಳಿತಾಯ. ತೂಕದ ವಿಷಯ ಇದಕ್ಕೆ ತದ್ವಿರುದ್ಧ: ಬೈಕ್ 10 ಕಿಲೋ ಹಗುರವಾದರೂ ಸಮತಟ್ಟಿನಲ್ಲಿ ಸಿಗುವುದು ಐದಾರು ವ್ಯಾಟ್ ಮಾತ್ರ. ತೂಕ ಕಾಡುವುದು ಏರಿನಲ್ಲಿ, ನಿಂತು ಹೊರಡುವಾಗ, ಮತ್ತು ಮೆಟ್ಟಿಲ ಮೇಲೆ ಎತ್ತಿ ಒಯ್ಯುವಾಗ.

ಗೇರಿನ ವಿಷಯವೂ ಇಲ್ಲಿಯೇ ಬರಬೇಕು. ಮುಂದೆ 38, ಹಿಂದೆ 18 ಹಲ್ಲಿರುವ ಒಂಟಿ ಗೇರಿನ ಬೈಕಿನಲ್ಲಿ, ಚಕ್ರದ ಸುತ್ತಳತೆ 2.1 ಮೀಟರ್ ಇದ್ದರೆ, 30 ಕಿ.ಮೀ. ವೇಗಕ್ಕೆ ನಿಮಿಷಕ್ಕೆ ಸುಮಾರು 113 ಸುತ್ತು ತುಳಿಯಬೇಕು. ಹೆಚ್ಚಿನವರಿಗೆ ಅದು ಕಾಲು ಹಾರಿಹೋಗುವಂಥ ವೇಗ. ಇಂಥ ಬೈಕಿನಲ್ಲಿ ಮೋಟರ್ ಯಾವುದೇ ಇರಲಿ, ಮಿತಿಯಾಚೆ ಹೆಚ್ಚು ದೂರ ಹೋಗಲು ಆಗದು. 42 ಮತ್ತು 16 ಹಲ್ಲುಗಳಾದರೆ ಅದೇ ವೇಗಕ್ಕೆ 90 ಸುತ್ತು ಸಾಕು.

ಗೇರ್ ಇಲ್ಲದ ಹಬ್ ಮೋಟರ್

ಎಳೆತದ ದೂರು ನಿಜವಾಗಿ ಸಲ್ಲುವುದು ಈ ಬಗೆಗೆ. ಡೈರೆಕ್ಟ್ ಡ್ರೈವ್ ಎಂದು ಕರೆಯುವ ಈ ಮೋಟರಿನಲ್ಲಿ ಅಯಸ್ಕಾಂತಗಳು ಹಬ್ಬಿನ ಒಳಸುತ್ತಿಗೆ ಅಂಟಿಕೊಂಡಿರುತ್ತವೆ, ತಾಮ್ರದ ಸುರುಳಿ ಸುತ್ತಿದ ಕಬ್ಬಿಣದ ಹಾಳೆಗಳು ಅಚ್ಚಿಗೆ ಬಿಗಿದಿರುತ್ತವೆ. ನಡುವೆ ಕ್ಲಚ್ ಇಲ್ಲ, ಒಂದು ದಿಕ್ಕಿಗೆ ಮಾತ್ರ ಹಿಡಿದು ಇನ್ನೊಂದಕ್ಕೆ ಬಿಟ್ಟುಕೊಡುವ ಫ್ರೀವೀಲ್ ಇಲ್ಲ. ಚಕ್ರ ತಿರುಗಿದರೆ ಮೋಟರ್ ತಿರುಗಲೇಬೇಕು. ಬೈಕಿನ ಸ್ವಿಚ್ ಆರಿಸಿ, ಆ ಚಕ್ರವನ್ನು ನೆಲದಿಂದ ಎತ್ತಿ ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ ಬೆರಳಿಗೆ ಸಣ್ಣ ಸಣ್ಣ ಕಚ್ಚುಗಳು ತಗಲುತ್ತವೆ: ಪ್ರತಿ ಅಯಸ್ಕಾಂತವೂ ಒಂದು ಕಬ್ಬಿಣದ ಹಲ್ಲನ್ನು ಬಿಟ್ಟು ಮುಂದಿನದಕ್ಕೆ ಜಿಗಿಯುವಾಗ ಆಗುವ ತಡೆ ಅದು. ಜೋರಾಗಿ ತಿರುಗಿಸಿ ಬಿಟ್ಟರೆ ಸಾದಾ ಚಕ್ರದಂತೆ ಬಹುಹೊತ್ತು ಸುತ್ತುತ್ತಿರುವುದಿಲ್ಲ, ಬೇಗನೆ ಸೊರಗಿ ನಿಲ್ಲುತ್ತದೆ. ಕಬ್ಬಿಣದೊಳಗೆ ಅಯಸ್ಕಾಂತ ಕ್ಷೇತ್ರ ಮತ್ತೆ ಮತ್ತೆ ಅದಲುಬದಲಾಗುವುದರಿಂದಲೂ, ಅಲ್ಲಿ ಹುಟ್ಟುವ ಸುಳಿ ವಿದ್ಯುತ್ತಿನಿಂದಲೂ ಶಕ್ತಿ ಶಾಖವಾಗಿ ಕಳೆದುಹೋಗುವುದೇ ಇದಕ್ಕೆ ಕಾರಣ.

ಈ ತಡೆ ವ್ಯಾಟಿನಲ್ಲಿ ಎಷ್ಟು? 2.1 ಮೀಟರ್ ಸುತ್ತಳತೆಯ ಚಕ್ರದಲ್ಲಿ ಪ್ರತಿ ಒಂದು ನ್ಯೂಟನ್ ಮೀಟರ್ (ತಿರುಗಿಸುವ ಬಲದ, ಅಂದರೆ ಟಾರ್ಕಿನ ಅಳತೆ) ತಡೆಗೆ 25 ಕಿ.ಮೀ. ವೇಗದಲ್ಲಿ ಸುಮಾರು 21 ವ್ಯಾಟ್, 30 ಕಿ.ಮೀ. ವೇಗದಲ್ಲಿ ಸುಮಾರು 25 ವ್ಯಾಟ್ ಬೇಕು. ದೊಡ್ಡ ಹಬ್ ಮೋಟರುಗಳಲ್ಲಿ ಒಂದೆರಡು ನ್ಯೂಟನ್ ಮೀಟರ್ ತಡೆ ಸಾಮಾನ್ಯ. ಎರಡು ಎಂದೇ ಹಿಡಿದರೂ 30 ಕಿ.ಮೀ. ವೇಗದಲ್ಲಿ 50 ವ್ಯಾಟ್ ಮೋಟರಿನ ಪಾಲಾಗುತ್ತದೆ. ಸ್ವಂತ ಬಲದಿಂದ ಮಿತಿ ದಾಟಿ ತುಳಿಯುವವನಿಗೆ ಇದು ಸಣ್ಣ ಹೊರೆಯಲ್ಲ. ಬ್ಯಾಟರಿ ಬರಿದಾಗಿ ಮನೆಗೆ ತುಳಿದುಕೊಂಡು ಬರಬೇಕಾದವನಿಗೆ ಇನ್ನೂ ದೊಡ್ಡ ಹೊರೆ.

ಹಾಗೆಂದು ಈ ಮೋಟರನ್ನು ತಳ್ಳಿಹಾಕುವಂತಿಲ್ಲ. ಇದರಲ್ಲಿ ಸವೆಯುವ ಹಲ್ಲುಚಕ್ರಗಳಿಲ್ಲ, ಸದ್ದು ಬಹಳ ಕಡಿಮೆ, ಆಯಸ್ಸು ದೀರ್ಘ, ಮತ್ತು ಇಳಿಜಾರಿನಲ್ಲಿ ಬ್ರೇಕಿನಂತೆ ಕೆಲಸ ಮಾಡಿ ಬ್ಯಾಟರಿಗೆ ತುಸು ವಿದ್ಯುತ್ತನ್ನು ಮರಳಿಸುವ ಸಾಮರ್ಥ್ಯವಿದೆ. ಮರಳಿ ಸಿಗುವ ವಿದ್ಯುತ್ತು ಅಲ್ಪ. ಬ್ರೇಕ್ ಪ್ಯಾಡ್ ಉಳಿಯುವುದು ಅದಕ್ಕಿಂತ ದೊಡ್ಡ ಲಾಭ. ಮೋಟರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರುಗಳಲ್ಲಿ ಕೆಲವು, ನೆರವು ನಿಂತ ಮೇಲೂ ಮೋಟರಿಗೆ ಅದರ ಸ್ವಂತ ತಡೆಯನ್ನು ಸರಿದೂಗಿಸುವಷ್ಟು ಮಾತ್ರ ವಿದ್ಯುತ್ತನ್ನು ಹರಿಸಿ ಎಳೆತವನ್ನು ಅಳಿಸುತ್ತವೆ. ಡೈರೆಕ್ಟ್ ಡ್ರೈವ್ ಬೈಕನ್ನೇ ಕೊಳ್ಳುವುದಾದರೆ ಈ ಸೌಲಭ್ಯವಿದೆಯೇ ಎಂದು ಕೇಳಿ ತಿಳಿಯುವುದು ಒಳ್ಳೆಯದು. ಕಡಿದಾದ ಇಳಿಜಾರಿನಲ್ಲಿ ಇನ್ನೊಂದು ವಿದ್ಯಮಾನವೂ ಉಂಟು: ಚಕ್ರ ತೀರ ವೇಗವಾಗಿ ತಿರುಗಿ ಮೋಟರಿನಲ್ಲಿ ಹುಟ್ಟುವ ವೋಲ್ಟೇಜು ಬ್ಯಾಟರಿಯದನ್ನು ಮೀರಿದರೆ, ಕಂಟ್ರೋಲರ್ ಬೇಡವೆಂದರೂ ವಿದ್ಯುತ್ತು ಬ್ಯಾಟರಿಯ ಕಡೆಗೆ ಹರಿಯತೊಡಗಿ ಬೈಕನ್ನು ಹಿಡಿದೆಳೆಯುತ್ತದೆ. ಇದು ಕೆಟ್ಟ ಲಕ್ಷಣವಲ್ಲ, ಆ ರಚನೆಯ ಸ್ವಭಾವ.

ಗೇರ್ ಇರುವ ಹಬ್ ಮೋಟರ್

ಇದೇ ಹಬ್ಬಿನೊಳಗೆ ಸಣ್ಣ ಮೋಟರೊಂದು ವೇಗವಾಗಿ ತಿರುಗಿ, ಹಲ್ಲುಚಕ್ರಗಳ ಮೂಲಕ ಆ ವೇಗವನ್ನು ಸುಮಾರು ಐದರಲ್ಲೊಂದು ಭಾಗಕ್ಕೆ ಇಳಿಸಿಕೊಂಡು ಚಕ್ರವನ್ನು ತಳ್ಳುತ್ತದೆ. ನಡುವೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ. ಚಕ್ರವು ಮೋಟರಿಗಿಂತ ಮುಂದೆ ಓಡಿದೊಡನೆ ಕ್ಲಚ್ ಬಿಟ್ಟುಕೊಡುತ್ತದೆ. ಮೋಟರ್ ನಿಂತಿರುತ್ತದೆ, ಚಕ್ರ ತನ್ನ ಪಾಡಿಗೆ ತಿರುಗುತ್ತದೆ. ಉಳಿಯುವುದು ಬೇರಿಂಗ್ ಮತ್ತು ಸೀಲುಗಳ ಉಜ್ಜುವಿಕೆ ಮಾತ್ರ, ಅದು ಕಾಲಿಗೆ ತಿಳಿಯುವಷ್ಟಿರುವುದಿಲ್ಲ. ಬೈಕನ್ನು ಹಿಂದಕ್ಕೆ ತಳ್ಳಿದಾಗ ಮಾತ್ರ ಕ್ಲಚ್ ಹಿಡಿದುಕೊಂಡು ಮೋಟರೂ ತಿರುಗುವುದರಿಂದ ಸ್ವಲ್ಪ ಬಿಗಿಯೆನಿಸುತ್ತದೆ. ಅಂಗಡಿಯಲ್ಲಿ ಅದನ್ನು ನೋಡಿ ಬೈಕ್ ಭಾರವೆಂದು ತೀರ್ಮಾನಿಸಬೇಡಿ.

ಮಿತಿಯಾಚೆಗಿನ ತುಳಿತವೊಂದನ್ನೇ ಮಾನದಂಡವಾಗಿಟ್ಟರೆ, ಕೊಡುವ ಹಣಕ್ಕೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಇದರ ಕೊರತೆಗಳು ಬೇರೆಡೆ ಇವೆ. ಉದ್ದನೆಯ ಕಡಿದಾದ ಏರಿನಲ್ಲಿ ನಿಧಾನವಾಗಿ ಹತ್ತುವಾಗ ಮೋಟರ್ ಬಿಸಿಯೇರುತ್ತದೆ, ಏಕೆಂದರೆ ಅದು ಬೈಕಿನ ಗೇರುಗಳ ಲಾಭ ಪಡೆಯಲಾರದು. ಒಳಗಿನ ಹಲ್ಲುಚಕ್ರಗಳು ಹೆಚ್ಚಾಗಿ ನೈಲಾನಿನವು, ವರ್ಷಗಳ ಮೇಲೆ ಸವೆಯುತ್ತವೆ. ಈ ಬಗೆಯ ಬೈಕುಗಳಲ್ಲಿ ಅಗ್ಗದವು ಹೆಚ್ಚು, ಅವುಗಳಲ್ಲಿ ಸೆನ್ಸರ್ ಒರಟಾಗಿರುವುದೂ ಹೆಚ್ಚು. ಅಂದರೆ ಎಳೆತವಿಲ್ಲದಿದ್ದರೂ ಗೋಡೆಯ ಅನುಭವ ಉಳಿಯಬಹುದು. ಟಾರ್ಕ್ ಸೆನ್ಸರ್ ಇರುವ ಮಾದರಿಗೆ ತುಸು ಹೆಚ್ಚು ಹಣ ಕೊಡುವುದು ಸರಿಯಾದ ಖರ್ಚು.

ಮಿಡ್ ಡ್ರೈವ್: ಹಳೆಯದು ಮತ್ತು ಹೊಸದು

ಮಿಡ್ ಡ್ರೈವಿನ ಕೆಟ್ಟ ಹೆಸರಿಗೆ ಹಳೆಯ ತಲೆಮಾರಿನ ಮೋಟರುಗಳು ಕಾರಣ. ಬಾಷ್‌ನ ಎರಡನೆಯ ತಲೆಮಾರಿನ ಮೋಟರನ್ನೇ ನೋಡಿ: ಚೈನ್ ಕೂರುವ ಮುಂದಿನ ಹಲ್ಲುಚಕ್ರ ತೀರ ಚಿಕ್ಕದು, ಮತ್ತು ಪೆಡಲ್ ಒಂದು ಸುತ್ತು ಬಂದರೆ ಅದು ಎರಡೂವರೆ ಸುತ್ತು ಬರುತ್ತಿತ್ತು. ಈ ವೇಗವರ್ಧನೆ ಮೋಟರಿನ ಪೆಟ್ಟಿಗೆಯೊಳಗಿನ ಗೇರುಗಳ ಮೂಲಕ ಆಗುತ್ತಿದ್ದುದರಿಂದ, ಮೋಟರ್ ನೆರವು ಕೊಡಲಿ ಬಿಡಲಿ, ಸವಾರನ ಪ್ರತಿ ತುಳಿತವೂ ಆ ಗೇರುಗಳನ್ನು ದಾಟಿಯೇ ಹೋಗಬೇಕಿತ್ತು. ಮಿತಿಯಾಚೆ ಒಂದು ಬಗೆಯ ಅಂಟಂಟು ಭಾರ ಕಾಲಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಬಳಸಿದ ಬೈಕನ್ನು ಕೊಳ್ಳುವವರು ಇದನ್ನು ಕಣ್ಣಲ್ಲೇ ಗುರುತಿಸಬಹುದು: ಮುಂದಿನ ಹಲ್ಲುಚಕ್ರ ಹಿಂದಿನವುಗಳಷ್ಟೇ ಚಿಕ್ಕದಾಗಿ ಕಂಡರೆ ಅದು ಈ ಬಗೆಯದು. ಮಿತಿಯೊಳಗೇ ಓಡಾಡುವವರಿಗೆ ಅದು ಈಗಲೂ ಗಟ್ಟಿಮುಟ್ಟಾದ ಮೋಟರ್. ವೇಗವಾಗಿ ತುಳಿಯುವವರು ಅದನ್ನು ಬಿಡುವುದು ಲೇಸು.

ಹೊಸ ರಚನೆಗಳು ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿವೆ. ಬ್ರೋಸ್ ಕಂಪನಿಯ ಮೋಟರುಗಳಲ್ಲಿ ಒಳಗೆ ಹಲ್ಲಿನ ಬೆಲ್ಟ್ ಇದ್ದು, ಫ್ರೀವೀಲುಗಳ ಮೂಲಕ ನಿಂತ ಮೋಟರ್ ಪೆಡಲಿನಿಂದ ಪೂರ್ತಿ ಬೇರ್ಪಡುತ್ತದೆ. ಬಾಷ್ 2019ರಲ್ಲಿ ತಂದ ನಾಲ್ಕನೆಯ ತಲೆಮಾರಿನ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಸಾಮಾನ್ಯ ಗಾತ್ರದ ಹಲ್ಲುಚಕ್ರಕ್ಕೆ ಮರಳಿತು, ತೂಕವನ್ನು 2.9 ಕಿಲೋಗೆ ಇಳಿಸಿತು, ಮಿತಿಯಾಚೆ ಮೋಟರನ್ನು ಪೆಡಲಿನಿಂದ ಬಿಡಿಸುವ ವ್ಯವಸ್ಥೆಯನ್ನು ಅಳವಡಿಸಿತು. ಶಿಮಾನೋ 2020ರಲ್ಲಿ ತಂದ ಇಪಿ8 ಮೋಟರಿನ ಎಳೆತ ತನ್ನ ಹಿಂದಿನ ಇ8000ಕ್ಕಿಂತ ನೂರಕ್ಕೆ 36ರಷ್ಟು ಕಡಿಮೆ ಎಂದು ಆ ಕಂಪನಿ ಹೇಳಿಕೊಂಡಿದೆ. ಇಂಥ ಮೋಟರುಗಳಲ್ಲಿ ಉಳಿಯುವುದು ಪೆಡಲ್ ಕೂರುವ ಕ್ರ್ಯಾಂಕಿನ ಬಿಗಿಯಾದ ಸೀಲುಗಳು ಮತ್ತು ಬೇರಿಂಗುಗಳ ತಡೆ. 30 ಕಿ.ಮೀ. ವೇಗಕ್ಕೆ ಬೇಕಾಗುವ 275 ವ್ಯಾಟಿನ ಮುಂದೆ ಅದು ಗಣನೆಗೆ ಬಾರದು.

ಹಾಗಾದರೆ ಹೊಸ ಮಿಡ್ ಡ್ರೈವಿಗೂ ಗೇರ್ ಇರುವ ಹಬ್ಬಿಗೂ ನಡುವೆ ಹೇಗೆ ಆರಿಸುವುದು? ಎಳೆತದ ದೃಷ್ಟಿಯಿಂದ ಎರಡರ ನಡುವೆ ಆರಿಸುವಂಥದ್ದು ಏನೂ ಉಳಿದಿಲ್ಲ. ಏರುಗಳು ಹೆಚ್ಚಿದ್ದರೆ, ನೆರವು ನಯವಾಗಿ ಇಳಿಯಬೇಕೆಂದಿದ್ದರೆ ಮಿಡ್ ಡ್ರೈವ್. ಚೈನ್ ಮತ್ತು ಹಲ್ಲುಚಕ್ರಗಳು ಬೇಗ ಸವೆಯುವುದು, ರಿಪೇರಿಗೆ ಆಯಾ ಕಂಪನಿಯ ಉಪಕರಣಗಳನ್ನೇ ನೆಚ್ಚಬೇಕಾಗುವುದು ಅದಕ್ಕೆ ತೆರುವ ಬೆಲೆ.

ಹಗುರವಾದ ವ್ಯವಸ್ಥೆಗಳು

ಮಿತಿಯಾಚೆ ತುಳಿಯುವವರನ್ನೇ ಮನಸ್ಸಿನಲ್ಲಿಟ್ಟು ರೂಪಿಸಿದಂತಿರುವ ಒಂದು ಗುಂಪೇ ಈಗ ಬೆಳೆದಿದೆ. ಟಿಕ್ಯು ಕಂಪನಿಯ ಎಚ್‌ಪಿಆರ್50 ಮೋಟರ್ 1.85 ಕಿಲೋ ತೂಗುತ್ತದೆ, 50 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಫಜುವಾದ ರೈಡ್ 60 ಎರಡು ಕಿಲೋಗಿಂತ ತುಸು ಕಡಿಮೆ ತೂಕದಲ್ಲಿ 60 ನ್ಯೂಟನ್ ಮೀಟರ್ ಕೊಡುತ್ತದೆ. ಅದೇ ಕಂಪನಿಯ ಹಿಂದಿನ ರೈಡ್ 50ರಲ್ಲಂತೂ ಮೋಟರ್ ಮತ್ತು ಬ್ಯಾಟರಿಯನ್ನು ಒಟ್ಟಾಗಿ ಕಳಚಿಟ್ಟು ಸಾದಾ ಸೈಕಲ್ಲಿನಂತೆ ಹೊರಡಬಹುದಿತ್ತು. ಮಾಲೆ ಕಂಪನಿಯ ಎಕ್ಸ್35 ಹಿಂದಿನ ಚಕ್ರದ ಹಬ್ಬಿನೊಳಗೇ ಅಡಗುತ್ತದೆ. ಬ್ಯಾಟರಿ ಸೇರಿ ಇಡೀ ವ್ಯವಸ್ಥೆ ಸುಮಾರು ಮೂರೂವರೆ ಕಿಲೋ.

ಇವುಗಳ ಮೇಲೆ ಕುಳಿತವರು ಮಿತಿ ದಾಟಿದ್ದೇ ತಿಳಿಯಲಿಲ್ಲ ಎನ್ನುವುದು ನಿಜ. ಆದರೆ ಅದರ ಶ್ರೇಯಸ್ಸನ್ನು ಮೋಟರಿಗೆ ಅಥವಾ ತೂಕಕ್ಕೆ ಪೂರ್ತಿ ಕೊಡುವುದು ತಪ್ಪಾಗುತ್ತದೆ. ಈ ಮೋಟರುಗಳ ನೆರವೇ ಮಿತವಾದದ್ದು, ಹೀಗಾಗಿ ಅದು ಹೋದಾಗ ಆಗುವ ನಷ್ಟವೂ ಮಿತ. ಇವುಗಳನ್ನು ಅಳವಡಿಸುವುದು ಹೆಚ್ಚಾಗಿ ತೆಳುವಾದ ಟೈರಿನ, ಮುಂದಕ್ಕೆ ಬಾಗಿ ಕೂರುವ ಬೈಕುಗಳಿಗೆ. ಅಲ್ಲಿಯೇ 60, 70 ವ್ಯಾಟಿನಷ್ಟು ಉಳಿದಿರುತ್ತದೆ. ಹಗುರತನದಿಂದ ಸಮತಟ್ಟಿನಲ್ಲಿ ಸಿಗುವುದು ಎಷ್ಟು ಕಡಿಮೆ ಎಂಬುದನ್ನು ಆಗಲೇ ನೋಡಿದೆವು. ಬೆಲೆಯಂತೂ ದುಬಾರಿ, ಬ್ಯಾಟರಿ ಚಿಕ್ಕದು. ಸ್ವಂತ ಬಲದಿಂದ ತುಳಿಯುವ ಸಂತೋಷ ಮುಖ್ಯ, ಏರಿನಲ್ಲಿ ಮಾತ್ರ ಕೈಹಿಡಿಯುವವರು ಬೇಕು ಎನ್ನುವವರಿಗೆ ಇವು ಹೇಳಿಮಾಡಿಸಿದಂತಿವೆ. ಮಕ್ಕಳನ್ನು ಅಥವಾ ಸಾಮಾನು ಸರಂಜಾಮು ಹೊತ್ತು ಓಡಾಡುವವರಿಗೆ ಇವುಗಳ ನೆರವು ಸಾಲದು.

ಚಕ್ರಕ್ಕೆ ರೋಲರ್ ಒತ್ತಿ ತಳ್ಳುವ ಜೋಡಣೆಯ ಕಿಟ್‌ಗಳೂ ಇವೆ. ನೆರವು ಬೇಡವಾದಾಗ ರೋಲರ್ ಟೈರಿನಿಂದ ದೂರ ಸರಿಯುವಂತಿದ್ದರೆ ಅವುಗಳಲ್ಲಿ ಎಳೆತವೇ ಇಲ್ಲ; ಸರಿಯದಿದ್ದರೆ ಅದಕ್ಕಿಂತ ಕೆಟ್ಟ ಎಳೆತವೂ ಇಲ್ಲ.

ಮಿತಿಯನ್ನೇ ಎತ್ತರಿಸಿಕೊಳ್ಳುವುದು

ದಿನವೂ ದೂರದ ದಾರಿಯಲ್ಲಿ 35, 40 ಕಿ.ಮೀ. ವೇಗ ಬೇಕೆನ್ನುವವರಿಗೆ ಎಳೆತ ಕಡಿಮೆಯಿರುವ ಮೋಟರ್ ಪರಿಹಾರವಲ್ಲ, ಏಕೆಂದರೆ ಅಷ್ಟು ವೇಗಕ್ಕೆ ಬೇಕಾದ ಶಕ್ತಿ ಸಾಮಾನ್ಯ ಸವಾರನ ಕಾಲಿನಲ್ಲಿಲ್ಲ. ನಮ್ಮ ಲೆಕ್ಕದ ಸವಾರನಿಗೆ 40 ಕಿ.ಮೀ. ವೇಗಕ್ಕೆ ಸುಮಾರು 580 ವ್ಯಾಟ್ ಬೇಕು. ಅವರು ನೋಡಬೇಕಾದದ್ದು 45 ಕಿ.ಮೀ. ವರೆಗೆ ನೆರವಾಗುವ ವೇಗದ ವರ್ಗವನ್ನು. ಯುರೋಪಿನಲ್ಲಿ ಅದು ಮೊಪೆಡ್ಡಿನ ಸಾಲಿಗೆ ಸೇರುತ್ತದೆ. ನೋಂದಣಿ, ವಿಮೆ, ಹೆಲ್ಮೆಟ್ ಬೇಕು, ಜರ್ಮನಿಯಂಥ ಕಡೆ ಸೈಕಲ್ ಪಥಗಳಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ಬ್ಯಾಟರಿಯ ಲೆಕ್ಕವೂ ಬದಲಾಗುತ್ತದೆ: 25 ಕಿ.ಮೀ. ವೇಗದಲ್ಲಿ ಪ್ರತಿ ಕಿಲೋಮೀಟರಿಗೆ ಸವಾರ, ಮೋಟರ್ ಇಬ್ಬರಿಂದ ಸೇರಿ 7 ವ್ಯಾಟ್ ಅವರ್ ಬೇಕಾದರೆ 40 ಕಿ.ಮೀ. ವೇಗದಲ್ಲಿ ಅದರ ಎರಡರಷ್ಟು ಬೇಕು.

25 ಕಿ.ಮೀ. ಬೈಕಿನ ಮಿತಿಯನ್ನು ಕಿಟ್ ಹಾಕಿ ತೆಗೆದುಹಾಕುವುದನ್ನು ನಾನು ಆಯ್ಕೆ ಎಂದು ಪರಿಗಣಿಸುವುದಿಲ್ಲ. ಆ ಕ್ಷಣದಿಂದ ಅದು ಕಾನೂನಿನ ಕಣ್ಣಿಗೆ ನೋಂದಣಿಯಿಲ್ಲದ ಮೋಟರ್ ವಾಹನ. ಅಪಘಾತವಾದರೆ ವಿಮೆ ಕೈಬಿಡಬಹುದು, ಗಾಯಗೊಂಡವರ ಹೊಣೆ ಸವಾರನ ಹೆಗಲೇರಬಹುದು. ಬ್ರೇಕ್ ಮತ್ತು ಫ್ರೇಮನ್ನು ಆ ವೇಗಕ್ಕಾಗಿ ಪರೀಕ್ಷಿಸಿರುವುದೂ ಇಲ್ಲ.

ಯಾರಿಗೆ ಯಾವುದು

ಬೆನ್ನು ನೇರವಾಗಿಟ್ಟು ನೆಮ್ಮದಿಯಾಗಿ 20ರಿಂದ 24 ಕಿ.ಮೀ. ವೇಗದಲ್ಲಿ ಸಾಗುವವರು ಈ ಎಳೆತದ ಚಿಂತೆಯನ್ನೇ ಬಿಡಬಹುದು. ಅವರಿಗೆ ಡೈರೆಕ್ಟ್ ಡ್ರೈವ್ ಕೂಡ ಅಡ್ಡಿಯಿಲ್ಲ, ಬ್ಯಾಟರಿ ಮುಗಿಯದಂತೆ ನೋಡಿಕೊಂಡರೆ ಸಾಕು. ಸಮತಟ್ಟು ಊರಿನಲ್ಲಿ 27, 28 ಕಿ.ಮೀ. ವೇಗ ಇಷ್ಟಪಡುವ, ಹಣ ಮಿತವಾಗಿರುವ ಸವಾರನಿಗೆ ಟಾರ್ಕ್ ಸೆನ್ಸರ್ ಇರುವ ಗೇರ್ ಹಬ್, ಜೊತೆಗೆ ಒಳ್ಳೆಯ ರಸ್ತೆ ಟೈರ್. ಏರಿಳಿತದ ದಾರಿ, ಕೈಯಲ್ಲಿ ತುಸು ಹೆಚ್ಚು ಹಣ ಎಂದಾದರೆ 2019ರ ನಂತರದ ಮಿಡ್ ಡ್ರೈವ್. ಸೈಕಲ್ ತುಳಿಯುವುದನ್ನೇ ಪ್ರೀತಿಸುವವರಿಗೆ, ಬೆಲೆ ಅಡ್ಡಿಯಿಲ್ಲದಿದ್ದರೆ, ಹಗುರವಾದ ವ್ಯವಸ್ಥೆ. ಈಗಾಗಲೇ ಇ-ಬೈಕ್ ಇದ್ದು ಮಿತಿಯಾಚೆ ಭಾರವೆಂದು ಅದನ್ನು ಮಾರಲು ಹೊರಟವರು ಮೊದಲು ಟೈರ್ ಬದಲಿಸಿ, ಗಾಳಿ ಸರಿಯಾಗಿ ತುಂಬಿಸಿ, ಹ್ಯಾಂಡಲನ್ನು ತುಸು ಕೆಳಗಿಳಿಸಿ ನೋಡಲಿ. ಮಿತಿಯ ಮೇಲೇ ತೂಗಾಡುವುದನ್ನು ಬಿಟ್ಟು 23, 24 ಕಿ.ಮೀ. ವೇಗದಲ್ಲಿ ಸಾಗಿದರೂ ಅರ್ಧ ಕಿರಿಕಿರಿ ಹೋಗುತ್ತದೆ.

ಇದ್ದಕ್ಕಿದ್ದಂತೆ ಭಾರವಾದ ಬೈಕ್ ಬೇರೆ ಮಾತು. ಗೇರ್ ಹಬ್ ಆದರೆ ಕ್ಲಚ್ ಹಿಡಿದುಕೊಂಡಿರಬಹುದು. ಡೈರೆಕ್ಟ್ ಡ್ರೈವ್ ಆದರೆ, ಸ್ವಿಚ್ ಆರಿಸಿ ಮೋಟರಿನ ವೈರನ್ನು ಕನೆಕ್ಟರಿನಲ್ಲಿ ಕಳಚಿ ಚಕ್ರ ತಿರುಗಿಸಿ ನೋಡಿ; ಆಗ ಹಗುರವಾದರೆ ದೋಷ ಕಂಟ್ರೋಲರಿನಲ್ಲಿದೆ. ಎರಡಕ್ಕೂ ಮುನ್ನ ಬ್ರೇಕ್ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಿದೆಯೇ ನೋಡುವುದು ವಾಸಿ.

ಕೊಳ್ಳುವ ಮೊದಲಿನ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವನ್ನು ನೆನಪಿಡಬೇಕು. ಇಳಿಜಾರಿನಲ್ಲಿ ತುಳಿಯದೆ ಬಿಟ್ಟು ಎಷ್ಟು ದೂರ ಉರುಳುತ್ತದೆ ಎಂದು ನೋಡುವ ಪರೀಕ್ಷೆ ಹಬ್ ಮೋಟರಿನ ಎಳೆತವನ್ನು ಮಾತ್ರ ಬಯಲುಮಾಡುತ್ತದೆ. ಮಿಡ್ ಡ್ರೈವಿನಲ್ಲಿ ತುಳಿತ ನಿಂತೊಡನೆ ಹಿಂದಿನ ಚಕ್ರದ ಫ್ರೀವೀಲ್ ಬಿಟ್ಟುಕೊಳ್ಳುವುದರಿಂದ ಮೋಟರಿನ ದೋಷ ಅಲ್ಲಿ ಅಡಗಿಹೋಗುತ್ತದೆ. ಅದು ತುಳಿಯುವಾಗ ಮಾತ್ರ ಕಾಣುತ್ತದೆ. ಆದ್ದರಿಂದ ಮಿಡ್ ಡ್ರೈವ್ ಬೈಕನ್ನು ಸಮತಟ್ಟಿನಲ್ಲಿ ನೆರವನ್ನು ಪೂರ್ತಿ ನಿಲ್ಲಿಸಿ 20 ಕಿ.ಮೀ. ವೇಗದಲ್ಲಿ ಕೆಲವು ನಿಮಿಷ ತುಳಿದು, ಅದೇ ದಾರಿಯಲ್ಲಿ, ಆದಷ್ಟೂ ಅದೇ ಬಗೆಯ ಟೈರಿರುವ ಸಾದಾ ಸೈಕಲ್ಲನ್ನೂ ತುಳಿದು ನೋಡಿ. ಎರಡೂ ಒಂದೇ ಎನಿಸಿದರೆ ಆ ಮೋಟರಿನಲ್ಲಿ ಲೆಕ್ಕಕ್ಕೆ ಬರುವಂಥ ಎಳೆತವಿಲ್ಲ. ಆಮೇಲೆ ನೆರವು ಹಾಕಿ ಮಿತಿಯನ್ನು ನಿಧಾನವಾಗಿ ದಾಟಿ. ಆಗ ತಿಳಿಯುವ ಭಾರ ಗಾಳಿಯದು. ಅದು ನಯವಾಗಿ ಬಂತೋ ಒಮ್ಮೆಲೇ ಬಿತ್ತೋ ಎಂಬುದರ ಮೇಲೆ ಎರಡು ಬೈಕುಗಳ ನಡುವೆ ತೀರ್ಮಾನಿಸಿ.